ಎಷ್ಟು ಸಾಕು ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ಸಂಬಳ ಬರುತ್ತದೆ, ಇಎಂಐ ಹೋಗುತ್ತದೆ, ಮನೆ ತುಂಬ ಸಾಮಾನು. ಆದರೂ ಭಾನುವಾರ ಸಂಜೆಯಾದರೆ ಏನೋ ಖಾಲಿ ಖಾಲಿ. ಹೀಗನ್ನಿಸಿದಾಗ ಬಹಳ ಜನಕ್ಕೆ ಮೊದಲು ಹೊಳೆಯುವುದು ಕೆಲಸ ಬಿಟ್ಟು ಸಕಲೇಶಪುರದ ಕಡೆ ಒಂದು ತೋಟ ಮಾಡಿಬಿಡೋಣ ಅಂತ. ಅದೂ ಒಂದು ಖರೀದಿಯೇ, ಅಲ್ವಾ? ಬಿದಿರಿನ ಬ್ರಷ್ಷು, ತಾಮ್ರದ ಬಾಟಲಿ ಅಂತ ಸರಳ ಜೀವನದ ಸಾಮಾನು ಕೊಳ್ಳೋದೂ ಅಷ್ಟೇ. ಅದೆಲ್ಲ ಬಿಡಿ, ಮೊದಲು ಮೊಬೈಲ್ ತೆಗೆಯಿರಿ.

ಕಳೆದ ಮೂರು ತಿಂಗಳ ಯುಪಿಐ, ಕಾರ್ಡಿನ ಲೆಕ್ಕ ನೋಡಿ. ಬಾಡಿಗೆ, ರೇಷನ್, ಸ್ಕೂಲ್ ಫೀಸು, ಔಷಧಿ ಪಕ್ಕಕ್ಕಿಡಿ. ಉಳಿದ ಒಂದೊಂದರ ಮುಂದೆಯೂ ಬೇಕಿತ್ತಾ, ಬೇಜಾರಿಗೆ ಕೊಂಡಿದ್ದಾ, ನಾಲ್ಕು ಜನ ನೋಡಲಿ ಅಂತ ಕೊಂಡಿದ್ದಾ ಅಂತ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ಆದ್ದರಿಂದ ಸುಳ್ಳು ಬರೆಯಬೇಡಿ.

ಆಮೇಲೆ ಬೆಲೆಯನ್ನು ಗಂಟೆಯಲ್ಲಿ ಎಣಿಸಿ. ಕೈಗೆ 40,000 ಬರುತ್ತದೆ, ತಿಂಗಳಿಗೆ 25 ದಿನ ಕೆಲಸ, ದಿನಕ್ಕೆ 8 ಗಂಟೆ ಆಫೀಸು ಮತ್ತು 2 ಗಂಟೆ ಟ್ರಾಫಿಕ್ಕು ಅಂದುಕೊಳ್ಳಿ. ನಿಮ್ಮ ಒಂದು ಗಂಟೆಗೆ 160 ರೂಪಾಯಿ. 64,000 ರೂಪಾಯಿಯ ಫೋನ್ ಅಂದರೆ 400 ಗಂಟೆ, ಅಂದರೆ 40 ದಿನದ ದುಡಿಮೆ. ಅಷ್ಟಾದರೂ ಬೇಕು ಅನ್ನಿಸಿದರೆ ಧಾರಾಳವಾಗಿ ಕೊಳ್ಳಿ. ಆದರೆ ‘ನೋ ಕಾಸ್ಟ್ ಇಎಂಐ’ ನಂಬಿ ಕೊಳ್ಳಬೇಡಿ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಎಲ್ಲೋ ಪ್ರೊಸೆಸಿಂಗ್ ಫೀಸಿನಲ್ಲೋ, ಕೈತಪ್ಪಿದ ರಿಯಾಯಿತಿಯಲ್ಲೋ ಅಡಗಿರುತ್ತದೆ. ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ, ಬೇಕೆನಿಸಿದ್ದನ್ನು ಚೀಟಿಯಲ್ಲಿ ಬರೆದು ಒಂದು ತಿಂಗಳು ಬಿಡಿ.

ಈಗ ಕಷ್ಟದ ಭಾಗ, ಎಷ್ಟು ಸಾಕು? ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರಬಹುದು. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ ಬೈದು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಇದನ್ನು ಬಡತನದ ಗುಣಗಾನ ಅಂತ ಓದೋದು ನನಗೆ ಸರಿ ಕಾಣುವುದಿಲ್ಲ. ಅವರು ದಿನಾ ದುಡಿಯುತ್ತಿದ್ದರು, ಮನೆಗೆ ಬಂದವರಿಗೆ ಊಟ ಹಾಕುತ್ತಿದ್ದರು. ಆ ಮನೆಗೆ ತನ್ನ ಅಳತೆ ಗೊತ್ತಿತ್ತು ಅಷ್ಟೇ. ನಿಮ್ಮ ಅಳತೆಯಲ್ಲಿ ಆರೋಗ್ಯ ವಿಮೆ, ಆರು ತಿಂಗಳ ಖರ್ಚಿನ ಹಣ, ಅಪ್ಪ ಅಮ್ಮನ ಔಷಧಿ ಎಲ್ಲ ಇರಲಿ. ಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಅದರ ಮೇಲಿನದ್ದು ಏನಾಗಬೇಕು ಅಂತ ಮುಂಚೆಯೇ ಬರೆದಿಡಿ, ಇಲ್ಲದಿದ್ದರೆ ಸಂಬಳ ಹೆಚ್ಚಿದ ಹಾಗೆ ಅಳತೆಯೂ ಸದ್ದಿಲ್ಲದೆ ಹೆಚ್ಚುತ್ತದೆ.

ಕೊಳ್ಳೋದು ನಿಂತರೆ ಸಮಯ ಉಳಿಯುತ್ತದೆ, ಅದನ್ನು ಸುಮ್ನೆ ಬಿಟ್ಟರೆ ರೀಲ್ಸ್ ತಿನ್ನುತ್ತದೆ. ಅದಕ್ಕೇ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾರ್ಡ್ ಮಾಡಿಸಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯಕ್ಕೆ ಅಂತ 6% ಕರ ಹೇಗೂ ವಸೂಲಾಗುತ್ತದೆ, ದುಡ್ಡು ಕೊಟ್ಟು ಉಪಯೋಗಿಸದೇ ಇರೋದೇಕೆ? ಆರೋಗ್ಯ ಸರಿ ಇದ್ದರೆ ರಕ್ತ ಕೊಡಿ, ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ರೆಕಾರ್ಡ್ ಮಾಡಿಕೊಡುವ ಕೆಲಸವೂ ಇದೆ. ರಕ್ತದಾನ ಬಿಟ್ಟು ಉಳಿದದ್ದರಲ್ಲಿ ಯಾವುದಾದರೂ ಒಂದೇ ಹಿಡಿಯಿರಿ, ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಮೊದಲೆರಡು ವಾರ ಬೋರಾಗುತ್ತದೆ. ನಾಲ್ಕನೇ ವಾರ ನೀವು ಬರದಿದ್ದರೆ ಯಾರೋ ಫೋನ್ ಮಾಡಿ ಕೇಳುತ್ತಾರೆ.

ಮನೆಯವರ ಮೇಲೆ ಮಾತ್ರ ಇದನ್ನೆಲ್ಲ ಹೇರಬೇಡಿ. ಅಮ್ಮನ ಚಿನ್ನದ ಚೀಟಿಗೆ ಕೈ ಹಾಕಿದರೆ ಊಟ ಸಿಗೋದೂ ಡೌಟು.