ಮಿರರ್‌ಲೆಸ್ಸೋ, ಜೇಬಿನ ಕಾಂಪ್ಯಾಕ್ಟೋ: ಎರಡನೆಯ ಲೆನ್ಸ್‌ನಿಂದ ಲೆಕ್ಕ ಹಾಕಿ

ಫೋನಿನಲ್ಲಿಯೇ ಚಿತ್ರ ತೆಗೆಯುತ್ತ ಬಂದು, ಇನ್ನು ಮೇಲೆ ಪ್ರತ್ಯೇಕ ಕ್ಯಾಮೆರಾ ಬೇಕು ಎಂದು ತೀರ್ಮಾನಿಸಿದವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಲೆನ್ಸ್ ಬದಲಿಸಲು ಬರುವ ಆರಂಭಿಕ ದರ್ಜೆಯ ಮಿರರ್‌ಲೆಸ್ ಕ್ಯಾಮೆರಾ. ಇನ್ನೊಂದು, ಲೆನ್ಸನ್ನು ಬಿಚ್ಚಲಾಗದ, ಆದರೆ ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾ. ಒಳ್ಳೆಯ ಕಾಂಪ್ಯಾಕ್ಟ್‌ನ ಬೆಲೆ ಕಿಟ್ ಲೆನ್ಸ್ (ಕ್ಯಾಮೆರಾ ದೇಹದ ಜೊತೆಗೇ ಮಾರುವ ಲೆನ್ಸ್) ಸಹಿತವಾದ ಮಿರರ್‌ಲೆಸ್‌ನ ಬೆಲೆಗೆ ಹತ್ತಿರವೇ ಇರುವುದರಿಂದ, ಅಷ್ಟೇ ಹಣಕ್ಕೆ ದೊಡ್ಡ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ) ಸಿಗುವಾಗ ಚಿಕ್ಕದನ್ನು ಯಾರಾದರೂ ಏಕೆ ಕೊಳ್ಳಬೇಕು ಎಂದು ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು. ಮಿರರ್‌ಲೆಸ್ ಕೊಂಡೆ, ಮೊದಲ ಎರಡು ವರ್ಷ ಅದರ ಕಿಟ್ ಲೆನ್ಸನ್ನು ಒಮ್ಮೆಯೂ ಬಿಚ್ಚಲಿಲ್ಲ, ಕ್ಯಾಮೆರಾ ಬಹುಪಾಲು ಕಪಾಟಿನಲ್ಲಿಯೇ ಉಳಿಯಿತು. ಈಗ ಯಾರಾದರೂ ಸಲಹೆ ಕೇಳಿದರೆ, ಎರಡನೆಯ ಲೆನ್ಸ್ ಕೊಳ್ಳುವ ಯೋಚನೆ ಇದೆಯೇ, ಇದ್ದರೆ ಯಾವುದು ಎಂದೇ ನಾನು ಮೊದಲು ಕೇಳುತ್ತೇನೆ. ಮಿರರ್‌ಲೆಸ್‌ನ ನಿಜವಾದ ಶಕ್ತಿ ಆ ಎರಡನೆಯ ಲೆನ್ಸ್‌ನಲ್ಲಿದೆ.

ಅದಕ್ಕೂ ಮೊದಲು, ಕಾಂಪ್ಯಾಕ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದಿದ್ದವು. 2023ರ ಹೊತ್ತಿಗೆ ಆ ಸಂಖ್ಯೆ 80 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಈ ಕುಸಿತದಲ್ಲಿ ಹೆಚ್ಚಾಗಿ ಮಾಯವಾದದ್ದು ಅಗ್ಗದ, ಸಣ್ಣ ಸೆನ್ಸರ್‌ನ ಕಾಂಪ್ಯಾಕ್ಟ್‌ಗಳು, ಏಕೆಂದರೆ ಅವುಗಳ ಕೆಲಸವನ್ನು ಫೋನು ಕಸಿದುಕೊಂಡಿತು. ಅವುಗಳಲ್ಲಿರುತ್ತಿದ್ದ 1/2.3 ಇಂಚು ವರ್ಗದ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ ಇರುತ್ತದೆ; ದುಬಾರಿ ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ ಇಂದು ಇದಕ್ಕಿಂತ ದೊಡ್ಡ ಸೆನ್ಸರ್ ಇದೆ. ಹಾಗಾಗಿ ದೂರದ ವಸ್ತುವನ್ನು ಹತ್ತಿರಕ್ಕೆ ಎಳೆಯುವ ದೀರ್ಘ ಜೂಮ್ ಬೇಕಾದವರನ್ನು ಬಿಟ್ಟರೆ, ಉಳಿದವರು ಈ ವರ್ಗವನ್ನು ಕೈಬಿಡಬಹುದು. ಹಳೆಯ ಕಾಂಪ್ಯಾಕ್ಟ್‌ಗಳ ಚಿತ್ರದ ಬಣ್ಣವೇ ಇಷ್ಟವೆಂದು ಕೊಳ್ಳುವವರೂ ಇದ್ದಾರೆ. ಅದು ರುಚಿಯ ವಿಷಯ, ಅದರ ಮೇಲೆ ವಾದವಿಲ್ಲ.

ಮಿರರ್‌ಲೆಸ್‌ಗೆ ಎದುರಾಗಿ ನಿಲ್ಲಬಲ್ಲ ಕಾಂಪ್ಯಾಕ್ಟ್ ಎಂದರೆ 1 ಇಂಚು ವರ್ಗದ ಸೆನ್ಸರ್ ಇರುವಂಥದ್ದು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಈ ಮಾದರಿಯನ್ನು ಜನಪ್ರಿಯಗೊಳಿಸಿತು. ಕ್ಯಾನನ್‌ನ ಜಿ7 ಎಕ್ಸ್ ಸರಣಿ ಅದೇ ಹಾದಿಯದು. ‘1 ಇಂಚು’ ಎಂಬ ಮಾತಿಗೆ ಮರುಳಾಗಬೇಡಿ. ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ನಳಿಗೆಯ ಹೊರವ್ಯಾಸವನ್ನು ಹೇಳುತ್ತಿದ್ದ ಅಳತೆಯೊಂದು ಇಂದಿಗೂ ಉಳಿದುಕೊಂಡಿದೆಯೇ ಹೊರತು, ಈ ಸೆನ್ಸರ್ ನಿಜವಾಗಿ ಇರುವುದು 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ, ಅಂದರೆ ಸುಮಾರು 116 ಚದರ ಮಿಲಿಮೀಟರ್. ಆರಂಭಿಕ ಮಿರರ್‌ಲೆಸ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಪಿಎಸ್-ಸಿ ಸೆನ್ಸರ್ ಕ್ಯಾನನ್‌ನಲ್ಲಿ ಸುಮಾರು 332 ಚದರ ಮಿಲಿಮೀಟರ್, ಸೋನಿ, ನಿಕಾನ್, ಫ್ಯೂಜಿಫಿಲ್ಮ್‌ಗಳಲ್ಲಿ ಇನ್ನೂ ತುಸು ದೊಡ್ಡದು. ಮೈಕ್ರೋ ಫೋರ್ ಥರ್ಡ್ಸ್ ಎಂಬ ಇನ್ನೊಂದು ಅಳತೆಯ ಸೆನ್ಸರ್ 1 ಇಂಚು ಮತ್ತು ಎಪಿಎಸ್-ಸಿಗಳ ನಡುವೆ, 225ರ ಆಸುಪಾಸಿನಲ್ಲಿದೆ.

ಈ ಅಂಕಿಗಳನ್ನು ಮಾತ್ರ ನೋಡಿದರೆ ಮಿರರ್‌ಲೆಸ್ ಸುಲಭವಾಗಿ ಗೆದ್ದಂತೆ ಕಾಣುತ್ತದೆ. ಆದರೆ ಸೆನ್ಸರ್ ದೊಡ್ಡದಿದ್ದರೆ ಸಾಲದು, ಅದರ ಮೇಲೆ ಬೆಳಕು ಬೀಳಬೇಕು. ಆ ಬೆಳಕನ್ನು ಒಳಗೆ ಬಿಡುವುದು ಲೆನ್ಸ್. ಕ್ಯಾನನ್ ಜಿ7 ಎಕ್ಸ್‌ನ ಲೆನ್ಸ್ ಫುಲ್ ಫ್ರೇಮ್ (ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 24ರಿಂದ 100 ಮಿಲಿಮೀಟರ್‌ವರೆಗಿನದು, ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಎಫ್/1.8ರಿಂದ ಎಫ್/2.8. ಅದೇ ಕಂಪನಿಯ ಆರಂಭಿಕ ಮಿರರ್‌ಲೆಸ್ ಆದ ಇಒಎಸ್ ಆರ್50ರ ಜೊತೆ ಬರುವ 18-45 ಮಿಲಿಮೀಟರ್ ಕಿಟ್ ಲೆನ್ಸ್‌ನ ಅಪರ್ಚರ್ ಎಫ್/4.5ರಿಂದ ಎಫ್/6.3. ಒಂದು ಎಫ್ ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಬೆಳಕಿನ ವ್ಯತ್ಯಾಸ ಸಿಗುತ್ತದೆ. ಜೂಮ್‌ನ ಅಗಲ ತುದಿಯಲ್ಲಿ ಕಾಂಪ್ಯಾಕ್ಟ್‌ನ ಲೆನ್ಸ್ ಸೆನ್ಸರ್‌ನ ಪ್ರತಿ ಚದರ ಮಿಲಿಮೀಟರಿಗೆ 6 ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ, ಉದ್ದ ತುದಿಯಲ್ಲಿ 5 ಪಟ್ಟು. ಮಿರರ್‌ಲೆಸ್‌ನ ಸೆನ್ಸರ್ ದೊಡ್ಡದಿರುವುದು 3 ಪಟ್ಟಿಗೂ ತುಸು ಕಡಿಮೆ. ಅಂದರೆ ಮಂದ ಬೆಳಕಿನ ಕೋಣೆಯಲ್ಲಿ, ಒಂದೇ ಷಟರ್ ವೇಗದಲ್ಲಿ (ಅಂದರೆ ಸೆನ್ಸರ್ ಮೇಲೆ ಬೆಳಕು ಬೀಳುವ ಅವಧಿ ಒಂದೇ ಆಗಿದ್ದಾಗ), ಜೇಬಿನ ಕ್ಯಾಮೆರಾವೇ ಒಟ್ಟಾರೆ ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ, ಅದೂ ಸುಮಾರು ಎರಡು ಪಟ್ಟು! ಹಿನ್ನೆಲೆ ಮಸುಕಾಗುವ ವಿಷಯದಲ್ಲಿಯೂ ಈ ಜೋಡಿಯ ನಡುವೆ ಕಾಂಪ್ಯಾಕ್ಟೇ ಮುಂದು.

ಈಗ ಅದೇ ಆರ್50ಕ್ಕೆ 50 ಮಿಲಿಮೀಟರ್ ಎಫ್/1.8 ಲೆನ್ಸನ್ನು ಹಾಕಿ. ಆ ಲೆನ್ಸ್‌ನ ತೂಕ 160 ಗ್ರಾಂ. ಹೆಚ್ಚಿನ ಕಂಪನಿಗಳಲ್ಲಿ ಈ ಬಗೆಯ ಲೆನ್ಸ್ ಅತ್ಯಂತ ಅಗ್ಗದವುಗಳ ಸಾಲಿನಲ್ಲಿರುತ್ತದೆ. ಅದೇ ಲೆಕ್ಕ ಮತ್ತೆ ಹಾಕಿದರೆ, ಎಫ್/2.8ರಲ್ಲಿರುವ ಕಾಂಪ್ಯಾಕ್ಟಿಗಿಂತ ಸುಮಾರು 7 ಪಟ್ಟು ಬೆಳಕು ಮಿರರ್‌ಲೆಸ್‌ಗೆ ಸಿಗುತ್ತದೆ, ಮುಖದ ಹಿಂದಿನ ಗೋಡೆ, ಮರ, ದೀಪಗಳೆಲ್ಲ ಕರಗಿದಂತೆ ಹಿಂದೆ ಸರಿಯುತ್ತವೆ. ಯಾವ ಜೇಬಿನ ಜೂಮ್ ಕಾಂಪ್ಯಾಕ್ಟೂ ಇದನ್ನು ಸರಿಗಟ್ಟಲಾರದು. ನನ್ನ ಕ್ಯಾಮೆರಾ ಕಪಾಟಿನಿಂದ ಹೊರಬಂದದ್ದೂ ಇಂಥ ಲೆನ್ಸ್ ಕೊಂಡ ಮೇಲೆಯೇ.

ಎಲ್ಲ ಕಾಂಪ್ಯಾಕ್ಟ್‌ಗಳಿಗೂ ಮೇಲಿನ ಲಾಭ ಇಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆರ್‌ಎಕ್ಸ್100ರ 2019ರ ಏಳನೆಯ ಆವೃತ್ತಿಯಲ್ಲಿ ಜೂಮ್ 200 ಮಿಲಿಮೀಟರ್‌ವರೆಗೆ ಹೋಗುತ್ತದೆ, ಆದರೆ ಅದಕ್ಕಾಗಿ ಅಪರ್ಚರ್ ಎಫ್/2.8-4.5ರ ಶ್ರೇಣಿಗೆ ಇಳಿದಿದೆ. ಅಗಲ ತುದಿಯಲ್ಲಿ ಅದು ಕಿಟ್ ಲೆನ್ಸ್‌ಗೆ ಹೆಚ್ಚುಕಡಿಮೆ ಸಮ, ಉದ್ದಕ್ಕೆ ಹೋದಂತೆ ಹಿಂದೆ ಬೀಳುತ್ತದೆ. ಆದ್ದರಿಂದ ಕಾಂಪ್ಯಾಕ್ಟ್ ನೋಡುವಾಗ ಲೆನ್ಸ್‌ನ ಸುತ್ತ ಮುದ್ರಿಸಿರುವ ಎರಡು ಎಫ್ ಸಂಖ್ಯೆಗಳನ್ನು ಮೊದಲು ಓದಿ, ಮೆಗಾಪಿಕ್ಸೆಲ್‌ಗಳನ್ನು ಆಮೇಲೆ ನೋಡಿದರಾಯಿತು. ರಿಕೋ ಜಿಆರ್ 3ರಂಥ ಮೂರನೆಯ ಜಾತಿಯೂ ಇದೆ: 257 ಗ್ರಾಂ ತೂಕದ ದೇಹದಲ್ಲಿ ಎಪಿಎಸ್-ಸಿ ಸೆನ್ಸರ್, 28 ಮಿಲಿಮೀಟರ್ ನೋಟದ ಎಫ್/2.8 ಲೆನ್ಸ್, ಜೂಮ್ ಇಲ್ಲ, ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ. ಬೀದಿಯಲ್ಲಿ ನಡೆಯುತ್ತ ಚಿತ್ರ ತೆಗೆಯುವವರು ಅದನ್ನು ಮೆಚ್ಚುತ್ತಾರೆ. ಮೊದಲ ಕ್ಯಾಮೆರಾ ಎಂದು ಅದನ್ನು ಸೂಚಿಸಲು ನನಗೆ ಧೈರ್ಯ ಸಾಲದು.

ಬೆಳಕಿನ ಲೆಕ್ಕದಲ್ಲಿ ಕಿಟ್ ಲೆನ್ಸ್ ಸೋತರೂ ಮಿರರ್‌ಲೆಸ್ ದೇಹ ಬೇರೊಂದು ಕಡೆ ಗೆಲ್ಲುತ್ತದೆ: ಚಲಿಸುವ ವಸ್ತುವಿನ ಮೇಲೆ ಫೋಕಸ್ ಹಿಡಿದಿಡುವುದರಲ್ಲಿ. ಈಚಿನ ಆರಂಭಿಕ ಮಾದರಿಗಳು ಕೂಡ ಕಣ್ಣನ್ನು ಗುರುತಿಸಿ, ಆ ವ್ಯಕ್ತಿ ಓಡಾಡುತ್ತಿದ್ದರೂ ಬಿಡದೆ ಹಿಂಬಾಲಿಸುತ್ತವೆ. ಹಲವು ಕಾಂಪ್ಯಾಕ್ಟ್‌ಗಳು ಫೋಕಸ್‌ಗಾಗಿ ಹಿಂದೆ ಮುಂದೆ ತಡಕಾಡುವಷ್ಟರಲ್ಲಿ ಮಗು ಚೌಕಟ್ಟಿನಿಂದ ಆಚೆ ಹೋಗಿರುತ್ತದೆ. ಆರ್‌ಎಕ್ಸ್100ರ ಐದನೆಯ ಆವೃತ್ತಿಯಿಂದ ಹೀಗೆ ತಡಕಾಡದೆ ಗುರಿ ಹಿಡಿಯುವ ಫೇಸ್ ಡಿಟೆಕ್ಷನ್ (phase detection, ಮುಖ ಗುರುತಿಸುವುದಲ್ಲ) ಫೋಕಸ್ ಇದೆ, ಜಿ7 ಎಕ್ಸ್‌ನ ಎರಡನೆಯ, ಮೂರನೆಯ ಆವೃತ್ತಿಗಳಲ್ಲಿ ಇಲ್ಲ. ನೀವು ತೆಗೆಯುವುದು ಮುಖ್ಯವಾಗಿ ಆಟವಾಡುವ ಮಕ್ಕಳು, ಸಾಕುಪ್ರಾಣಿಗಳು, ಕ್ರೀಡೆಗಳಾದರೆ ಇಲ್ಲಿಗೇ ನಿಮ್ಮ ತೀರ್ಮಾನ ಮುಗಿಯಿತು ಎನ್ನಬಹುದು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಿಕೊಳ್ಳಬೇಕು. ಸ್ಟೆಬಿಲೈಸೇಷನ್ ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ, ಎದುರಿನವರ ಚಲನೆಯನ್ನಲ್ಲ. ಕುಳಿತು ಮಾತನಾಡುವವರಿಗೆ ಸೆಕೆಂಡಿನ 1/125 ಭಾಗ ಸಾಕಾಗಬಹುದು, ಓಡುವ ಮಗುವಿಗೆ 1/500 ಆದರೂ ಬೇಕು, ಮತ್ತು ಆ ವೇಗಕ್ಕೆ ಮತ್ತೆ ಬೆಳಕೇ ಬೇಕು. ಆರಂಭಿಕ ಮಿರರ್‌ಲೆಸ್‌ಗಳಲ್ಲಿ ಅನೇಕವಕ್ಕೆ ದೇಹದೊಳಗಿನ ಸ್ಟೆಬಿಲೈಸೇಷನ್ ಇರುವುದಿಲ್ಲ. ಮೇಲೆ ಹೇಳಿದ 50 ಮಿಲಿಮೀಟರ್ ಲೆನ್ಸಿಗೂ ಅದಿಲ್ಲ. ಹಾಗಾಗಿ ಆ ಜೋಡಿಯನ್ನು ಕೈಯಲ್ಲಿ ಹಿಡಿದು ತೆಗೆಯುವಾಗ 1/100ಕ್ಕಿಂತ ನಿಧಾನದ ಷಟರ್‌ಗೆ ಇಳಿಯದಿರುವುದು ಕ್ಷೇಮ.

ವ್ಯೂಫೈಂಡರ್ ಬೇಕೇ ಬೇಡವೇ ಎಂಬುದನ್ನು ಬಿಸಿಲಿನಲ್ಲಿ ನಿಂತು ನಿರ್ಧರಿಸಿ. ಪರದೆ ಕಾಣದೆ ಅಂದಾಜಿನ ಮೇಲೆ ಗುಂಡಿ ಒತ್ತುವ ಅನುಭವ ಫೋನಿನಲ್ಲಿಯೇ ಆಗಿರಬಹುದು. ಕ್ಯಾಮೆರಾ ಮುಖಕ್ಕೆ ಒತ್ತಿಕೊಂಡಿದ್ದಾಗ ಕೈ ಕೂಡ ಸ್ಥಿರವಾಗಿರುತ್ತದೆ. ಮಿರರ್‌ಲೆಸ್ ಎಂದ ಮಾತ್ರಕ್ಕೆ ಅದು ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ: ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಮಾದರಿಗಳಲ್ಲಿ ವ್ಯೂಫೈಂಡರ್ ಇಲ್ಲ. ಕ್ಯಾನನ್ ಆರ್100ರಲ್ಲಿ ಅದು ಇದೆ, ಆದರೆ ಪರದೆಯನ್ನು ತಿರುಗಿಸಲು ಬರುವುದಿಲ್ಲ, ಅದು ಸ್ಪರ್ಶಕ್ಕೂ ಸ್ಪಂದಿಸುವುದಿಲ್ಲ. ಫೋನಿನಿಂದ ಬಂದವರಿಗೆ ಇದು ಬಹಳ ಕಿರಿಕಿರಿಯ ಸಂಗತಿ. ಕನ್ನಡಕ ಧರಿಸುವವರು ಕನ್ನಡಕ ಹಾಕಿಕೊಂಡೇ ವ್ಯೂಫೈಂಡರ್‌ನ ನಾಲ್ಕೂ ಮೂಲೆಗಳು ಕಾಣುತ್ತವೆಯೇ ಎಂದು ಅಂಗಡಿಯಲ್ಲಿಯೇ ನೋಡಬೇಕು.

ಇನ್ನು ಹೊರುವ ಮಾತು. ಆರ್‌ಎಕ್ಸ್100ರ ಏಳನೆಯ ಆವೃತ್ತಿ 302 ಗ್ರಾಂ ತೂಗುತ್ತದೆ, ದಪ್ಪ 43 ಮಿಲಿಮೀಟರ್. ಆರ್50 ಬ್ಯಾಟರಿ ಮತ್ತು ಕಾರ್ಡ್ ಸಹಿತ 375 ಗ್ರಾಂ, ಕಿಟ್ ಲೆನ್ಸ್ 130 ಗ್ರಾಂ. ಗ್ರಾಮಿನ ಲೆಕ್ಕದಲ್ಲಿ ಅಂತರ ಹೆಚ್ಚೇನೂ ಅಲ್ಲ. ವ್ಯತ್ಯಾಸವಿರುವುದು ಆಕಾರದಲ್ಲಿ: ಮುಂದಕ್ಕೆ ಚಾಚಿಕೊಂಡ ಲೆನ್ಸ್ ಯಾವ ಜೇಬಿಗೂ ಇಳಿಯುವುದಿಲ್ಲ, ಆದ್ದರಿಂದ ಚೀಲ ಬೇಕಾಗುತ್ತದೆ, ಚೀಲ ಬೇಕೆಂದರೆ ಹೊರಡುವಾಗಲೇ ಚಿತ್ರ ತೆಗೆಯುವ ಉದ್ದೇಶ ಇರಬೇಕಾಗುತ್ತದೆ. ಹಣ ಕೊಡುವ ಮೊದಲು ಅರ್ಧ ಕಿಲೋ ತೂಕದ ಡಬ್ಬಿಯೊಂದನ್ನು ಒಂದು ವಾರ ಹೋದಲ್ಲೆಲ್ಲ ಜೊತೆಗೆ ಒಯ್ಯಿರಿ. ಮೂರನೆಯ ದಿನವೇ ಅದನ್ನು ಮನೆಯಲ್ಲಿ ಬಿಟ್ಟು ಹೊರಟರೆ, ನಿಮಗೆ ತಕ್ಕದ್ದು ಕಾಂಪ್ಯಾಕ್ಟ್.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಕಳೆದ ಒಂದು ವರ್ಷದ ಫೋನಿನ ಚಿತ್ರಗಳನ್ನು ತೆರೆದು, ಸರಿಯಾಗಿ ಬಂದಿಲ್ಲವೆಂದು ಬೇಸರವಾದ ಐವತ್ತನ್ನು ಆರಿಸಿ, ಪ್ರತಿಯೊಂದರ ಎದುರು ಕಾರಣ ಬರೆಯಿರಿ. ದೂರದ ವಸ್ತು ಚಿಕ್ಕದಾಗಿದ್ದರೆ ಜೂಮ್ ಕೊರತೆ, ಕತ್ತಲಲ್ಲಿ ಕಣಕಣವಾಗಿದ್ದರೆ ಬೆಳಕಿನ ಕೊರತೆ, ಅಲುಗಾಡಿದ್ದರೆ ಷಟರ್ ವೇಗದ ಕೊರತೆ. ಪ್ರವಾಸದ ಚಿತ್ರಗಳಲ್ಲಿ ಜೂಮ್ ಕೊರತೆಯೇ ಎದ್ದು ಕಂಡರೆ ಕಾಂಪ್ಯಾಕ್ಟ್ ಸಾಕು. ಮನೆಯೊಳಗಿನ ಮುಖಗಳು ಮತ್ತು ಚಲನೆಯ ಚಿತ್ರಗಳೇ ಹೆಚ್ಚು ಕೆಟ್ಟಿದ್ದರೆ ಮಿರರ್‌ಲೆಸ್ ಮತ್ತು ಎಫ್/1.8 ಲೆನ್ಸ್ ಎರಡನ್ನೂ ಕೂಡಿಸಿಯೇ ಹಣ ಹೊಂದಿಸಿ. ಚೌಕಟ್ಟು ಹಾಕುವುದರಲ್ಲಿಯೇ ಎಡವಿದ್ದರೆ ಎರಡೂ ಕ್ಯಾಮೆರಾಗಳು ಸದ್ಯಕ್ಕೆ ಉಪಯೋಗಕ್ಕೆ ಬರಲಾರವು.

ಬಾಳಿಕೆಯ ಬಗ್ಗೆಯೂ ಯೋಚಿಸಬೇಕು. ಲೆನ್ಸ್ ಬದಲಿಸುವಾಗ ಮಿರರ್‌ಲೆಸ್‌ನ ಸೆನ್ಸರ್ ಮೇಲೆ ಧೂಳು ಕೂರುತ್ತದೆ, ಆದರೆ ದೇಹದ ಬಾಯಿಯನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಊದುಬುರುಡೆಯಿಂದ ಗಾಳಿ ಊದಿದರೆ ಹೆಚ್ಚಿನದು ಹೋಗುತ್ತದೆ. ಕಾಂಪ್ಯಾಕ್ಟ್‌ನ ಲೆನ್ಸ್ ಪ್ರತಿ ಸಲ ಚಾಚಿ ಒಳಸರಿಯುವಾಗ ಗಾಳಿಯ ಜೊತೆ ಧೂಳನ್ನೂ ಒಳಗೆಳೆದುಕೊಳ್ಳಬಹುದು. ಒಮ್ಮೆ ಅದು ಸೆನ್ಸರ್ ಮೇಲೆ ಕೂತರೆ ಕ್ಯಾಮೆರಾವನ್ನು ಬಿಚ್ಚಿಸದೆ ಬೇರೆ ದಾರಿಯಿಲ್ಲ. ಆ ಚಾಚುವ ಯಂತ್ರವೇ ಕೆಟ್ಟರೆ ಇಡೀ ಕ್ಯಾಮೆರಾ ಕೆಟ್ಟಂತೆ. ಜೇಬಿನಲ್ಲಿ ನೇರವಾಗಿ ಇಡದೆ ತೆಳ್ಳನೆಯ ಬಟ್ಟೆಯ ಚೀಲದಲ್ಲಿ ಹಾಕಿ ಇಡುವುದು ಇದಕ್ಕೆ ಸುಲಭದ ರಕ್ಷಣೆ. ಬಳಸಿದ ಕಾಂಪ್ಯಾಕ್ಟ್ ಕೊಳ್ಳುವುದಾದರೆ ಹತ್ತು ಸಲವಾದರೂ ಆನ್, ಆಫ್ ಮಾಡಿ ಲೆನ್ಸ್ ತಡೆಯಿಲ್ಲದೆ ಓಡುತ್ತದೆಯೇ ನೋಡಿ. ಅಪರ್ಚರನ್ನು ಎಫ್/11ಕ್ಕೆ ಇಳಿಸಿ ಬಿಳಿ ಗೋಡೆಯ ಚಿತ್ರ ತೆಗೆದರೆ ಒಳಗಿನ ಧೂಳು ಬೂದು ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ. ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಲು ಮರೆಯಬಾರದು, ಏಕೆಂದರೆ ಈ ಚಿಕ್ಕ ದೇಹಗಳ ಬ್ಯಾಟರಿಯಲ್ಲಿ ಒಂದು ಚಾರ್ಜಿಗೆ 200-300 ಚಿತ್ರಗಳೇ ಬರುವುದು. ಹೆಚ್ಚುವರಿ ಬ್ಯಾಟರಿ ಬೇಕೇ ಬೇಕು.

ಮಿರರ್‌ಲೆಸ್ ಎಂದೇ ತೀರ್ಮಾನವಾದರೆ ದೇಹಕ್ಕಿಂತ ಮೊದಲು ಲೆನ್ಸ್ ಮೌಂಟನ್ನು (ದೇಹಕ್ಕೆ ಲೆನ್ಸ್ ಕೂರಿಸುವ ಬಾಯಿಯ ಮಾದರಿಯನ್ನು) ನೋಡಿ, ಏಕೆಂದರೆ ದೇಹ ಹಳತಾದ ಮೇಲೂ ಕೈಯಲ್ಲಿ ಉಳಿಯುವುದು ಲೆನ್ಸ್‌ಗಳು. ಸೋನಿಯ ಇ ಮೌಂಟ್‌ಗೆ ಬೇರೆ ಕಂಪನಿಗಳ ಲೆನ್ಸ್‌ಗಳು ಹೇರಳವಾಗಿವೆ. ಕ್ಯಾನನ್‌ನ ಆರ್‌ಎಫ್ ಮೌಂಟ್‌ಗೆ ಸಿಗ್ಮಾ, ಟ್ಯಾಮ್ರಾನ್‌ಗಳ ಎಪಿಎಸ್-ಸಿ ಲೆನ್ಸ್‌ಗಳು ಬರತೊಡಗಿದ್ದು 2024ರಲ್ಲಿ. ಜೂಮ್ ಇಲ್ಲದೆ ಆಗದು ಎನ್ನುವವರಿಗೆ ಸಿಗ್ಮಾದ 18-50 ಮಿಲಿಮೀಟರ್ ಎಫ್/2.8 ಒಳ್ಳೆಯ ಆಯ್ಕೆ. ಅದರ ತೂಕ 300 ಗ್ರಾಮಿನ ಆಸುಪಾಸು, ಮತ್ತು ಉದ್ದ ತುದಿಯಲ್ಲಿ ಅದು ಎಫ್/6.3ರ ಕಿಟ್ ಲೆನ್ಸ್‌ಗಿಂತ 5 ಪಟ್ಟು ಬೆಳಕು ಕೊಡುತ್ತದೆ. ಇಂಥದ್ದನ್ನು ಕೊಳ್ಳುವುದು ಖಚಿತವಾಗಿದ್ದರೆ ಕಿಟ್ ಲೆನ್ಸ್ ಇಲ್ಲದ ಬರೀ ದೇಹವನ್ನು ಕೇಳಿ ಪಡೆಯಬಹುದು. ಖಚಿತವಿಲ್ಲದಿದ್ದರೆ ಕಿಟ್ ಸಹಿತವಾಗಿಯೇ ಕೊಂಡು, ಎರಡು ತಿಂಗಳ ಬಳಿಕ ನಿಮ್ಮ ಚಿತ್ರಗಳು ಯಾವ ಮಿಲಿಮೀಟರಿನಲ್ಲಿ ಹೆಚ್ಚಾಗಿ ತೆಗೆದವು ಎಂಬುದನ್ನು ಫೈಲ್‌ನ ವಿವರಗಳಲ್ಲಿ ಎಣಿಸಿ ನೋಡಿ, ಆ ಅಳತೆಗೆ ಹತ್ತಿರವಿರುವ ಎಫ್/1.8 ಅಥವಾ ಎಫ್/1.4 ಲೆನ್ಸನ್ನು ಆರಿಸಿಕೊಳ್ಳಿ.