ಎರಡು ಗುಂಡು, ಒಂದು ಕೋವಿ

ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಇದು ಕೊಡವರ ಹಳೇ ಪದ್ಧತಿ. ಎರಡು ಸದ್ದು ಕೇಳಿದರೆ ಸಾಕು, ಯಾರದೋ ಮನೆಯಲ್ಲಿ ಸಾವಾಗಿದೆ ಅಂತ ಸುತ್ತಲಿನವರಿಗೆ ಗೊತ್ತಾಗುತ್ತಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದೇ 1843ರಲ್ಲಿ. ನಾನು ಬರೆದ ಪತ್ತೇದಾರಿ ಕಥೆ ನಡೆಯುವುದು ಅದಕ್ಕೂ ಮೊದಲು, 1838ರಲ್ಲಿ.

ಕೊಲೆಯ ಯೋಚನೆ ಈ ಪದ್ಧತಿಯಿಂದಲೇ ಹುಟ್ಟಿತು. ಐನ್‌ಮನೆಯಲ್ಲಿ (ಮನೆತನದ ಮೂಲ ಮನೆಯಲ್ಲಿ) ಹಾಸಿಗೆ ಹಿಡಿದಿದ್ದ ಹಿರಿಯರು ತೀರಿಕೊಳ್ಳುತ್ತಾರೆ. ಅಂಗಳದಲ್ಲಿ ಒಬ್ಬ ಗುಂಡು ಹಾರಿಸುತ್ತಾನೆ, ಒಂದೇ ಒಂದು. ಎರಡನೆಯದು ಕೆಳಗಿನ ಗದ್ದೆ ಅಂಚಿನಿಂದ ಬರುತ್ತದೆ. ಅದು ಒಬ್ಬನ ಎದೆಗೆ ಬಿದ್ದಿರುತ್ತದೆ. ಕಣಿವೆಯ ಜನಕ್ಕೆಲ್ಲ ಕೇಳಿದ್ದು ಎರಡು ಸದ್ದು. ಎಣಿಕೆ ಸರಿಯಾಗಿದೆ, ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಸಿಕ್ಕಿಬೀಳುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಕಕ್ಕಬೆ ಕಡೆಯ ಒಬ್ಬ ಅಜ್ಜ. ಗೋಡೆ ಮೇಲಿದ್ದ ಹಳೇ ಕೋವಿ ಇಳಿಸಿ, ಮದ್ದಿಲ್ಲದೆ, ತುಂಬುವ ಕ್ರಮ ಮಾಡಿ ತೋರಿಸಿದರು. ಹಿಡಿಯನ್ನು ನೆಲಕ್ಕೆ ಊರಬೇಕು. ನಳಿಗೆಯ ಬಾಯಿಗೆ ಅಳತೆ ನೋಡಿ ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರು. ಗಜ ಅನ್ನುವ ಉದ್ದ ಸಲಾಕೆಯಿಂದ ಜಡಿಯಬೇಕು. ಆಮೇಲೆ ಗುಂಡು, ಮತ್ತೆ ನಾರು, ಮತ್ತೆ ಜಡಿತ. ಕೊನೆಗೆ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು. ಸಾವಿನ ಸದ್ದಿಗೆ ಗುಂಡು ಬೇಕಿಲ್ಲ, ಬರೀ ಮದ್ದು ಸಾಕು. ಆದರೂ ಹೊತ್ತು ಹಿಡಿಯುತ್ತದೆ.

"ಮಳೆಗಾಲದಲ್ಲಿ ಹೇಗೆ ಅಜ್ಜ?" ಅಂದೆ.

"ಮದ್ದು ಒಣಗಿದ್ದರೆ ಕೋವಿ, ನೆನೆದರೆ ದೊಣ್ಣೆ, ಮಗ" ಅಂದರು.

ಕಥೆಯನ್ನು ಕಕ್ಕಡ ತಿಂಗಳಲ್ಲಿ ಇಡಬೇಕು ಅಂದುಕೊಂಡಿದ್ದೆ. ಜುಲೈ, ಆಗಸ್ಟಿನ ಜಡಿಮಳೆ ಕೊಲೆಗೆ ಒಳ್ಳೇ ಹಿನ್ನೆಲೆ ಅಲ್ವಾ? ಅಜ್ಜನ ಆ ಮಾತು ಕೇಳಿ ಸುಗ್ಗಿ ಹಬ್ಬ ಪುತ್ತರಿ ಮುಗಿದ ಒಣ ದಿನಗಳಿಗೆ ತಂದೆ.

ನನ್ನ ಪತ್ತೇದಾರ ಒಬ್ಬ ಶಾನುಭೋಗ. 1834ರಲ್ಲಿ ಬ್ರಿಟಿಷರು ಕೊಡಗಿನ ರಾಜ ಚಿಕ್ಕವೀರರಾಜನನ್ನು ಇಳಿಸಿದ ಮೇಲೂ ನಾಡುಗಳಲ್ಲಿ ಆಡಳಿತ ನೋಡುವ ಪಾರುಪತ್ತೆಗಾರರು ಇದ್ದರು, ಲೆಕ್ಕಪತ್ರ ಕನ್ನಡದಲ್ಲೇ ನಡೆಯುತ್ತಿತ್ತು. ಶಾನುಭೋಗನಿಗೆ ಗಡಿಯಾರ ಇಲ್ಲ. ಎರಡು ಸದ್ದಿನ ನಡುವೆ ಎಷ್ಟು ಹೊತ್ತು ಹೋಯಿತು ಅಂತ ಮನೆಮನೆಯಲ್ಲಿ ಕೇಳುತ್ತಾನೆ. ಒಬ್ಬಳು ಹೆಂಗಸು ಹೇಳುತ್ತಾಳೆ: "ಎಲೆಗೆ ಸುಣ್ಣ ಹಚ್ಚಿದ್ದೆ, ಮಡಿಸೋದರೊಳಗೆ ಇನ್ನೊಂದು ಕೇಳಿತು." ಅಂಗಳದವನು ಮಾತ್ರ ಒಂದೇ ಕೋವಿಯಲ್ಲಿ ಎರಡೂ ಹಾರಿಸಿದೆ ಅನ್ನುತ್ತಾನೆ. ಅಷ್ಟರಲ್ಲಿ ಗಜವನ್ನು ಕೈಗೆ ತಗೊಳ್ಳುವುದಕ್ಕೂ ಆಗುವುದಿಲ್ಲ. ಹಾಗಾದರೆ ಇನ್ನೊಂದು ಕೋವಿ ಎಲ್ಲಿತ್ತು?

ಈ ಬಗೆಯ ಕಥೆ ನನ್ನನ್ನು ಹಿಡಿದಿಟ್ಟಿರುವುದು ಇದೇ ಕಾರಣಕ್ಕೆ. ಬೆರಳಚ್ಚಿನ ಕಚೇರಿ ಕಲ್ಕತ್ತಾದಲ್ಲಿ ಶುರುವಾದದ್ದು 1897ರಲ್ಲಿ. ಪಾಷಾಣ ಪತ್ತೆ ಮಾಡುವ ಮಾರ್ಷ್ ಪರೀಕ್ಷೆ 1836ರಲ್ಲೇ ಬಂದಿತ್ತು, ಆದರೆ ನನ್ನ ಶಾನುಭೋಗನಿಗೆ ಅದರ ಹೆಸರೂ ಗೊತ್ತಿಲ್ಲ. ಅವನ ಹತ್ತಿರ ಇರುವುದು ಜನರ ರೂಢಿ, ಜನರ ನೆನಪು. ರೂಢಿ ಎಲ್ಲಿ ತಪ್ಪಿದೆ ಅಂತ ಗುರುತಿಸಿದರೆ ಕೊಲೆಗಾರ ಸಿಗುತ್ತಾನೆ.

ಪತ್ತೇದಾರಿ ಕಥೆ 1841ರಲ್ಲಿ ಎಡ್ಗರ್ ಅಲನ್ ಪೋನಿಂದ ಶುರುವಾಯಿತು ಅನ್ನುವುದು ವಾಡಿಕೆ. ಅವನು ಬರೆದದ್ದು ತನ್ನ ಕಾಲದ ಕಥೆ. ಹಿಂದಿನ ಕಾಲಕ್ಕೆ ಹೋಗಿ ಕೊಲೆ ಬಿಡಿಸುವ ಕಥೆಗಳು ಬೇರೂರಿದ್ದು ಸುಮಾರು ನೂರು ವರ್ಷದ ಮೇಲೆ. 1944ರಲ್ಲಿ ಅಗಾಥಾ ಕ್ರಿಸ್ಟಿ ಪ್ರಾಚೀನ ಈಜಿಪ್ಟಿನ ಒಂದು ಮನೆಯೊಳಗೆ ಕೊಲೆಗಳನ್ನಿಟ್ಟರು. 1977ರಲ್ಲಿ ಎಲ್ಲಿಸ್ ಪೀಟರ್ಸ್ 12ನೇ ಶತಮಾನದ ಸನ್ಯಾಸಿಯನ್ನು ಪತ್ತೇದಾರ ಮಾಡಿದರು. 1980ರಲ್ಲಿ ಉಂಬೆರ್ಟೊ ಇಕೋ ಬಂದ ಮೇಲಂತೂ ಓದುಗರು ಬಹಳ ಜಾಸ್ತಿಯಾದರು. ನನಗೆ ಹತ್ತಿರವಾದವರು ಮಾತ್ರ ರಾಬರ್ಟ್ ವಾನ್ ಗುಲಿಕ್. ಡಚ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವರು ನ್ಯಾಯಾಧಿಕಾರಿ ಡೀ ಬಗ್ಗೆ ಚೀನಾದ ಹಳೇ ಕಾದಂಬರಿಯೊಂದನ್ನು ಇಂಗ್ಲಿಷಿಗೆ ತಂದು 1949ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಅದೇ ಧಾಟಿಯಲ್ಲಿ ತಾವೇ ಬರೆದರು. ಚೀನಾದಲ್ಲಿ ಇಂಥ ಕಥೆಗಳ ಪರಂಪರೆ ಪೋಗಿಂತ ಎಷ್ಟೋ ಹಳೆಯದು. ನಮ್ಮ ಊರಿನ ಕಚೇರಿ, ನಮ್ಮ ಶಾನುಭೋಗ ಸಾಕು ಅನ್ನುವ ಧೈರ್ಯ ನನಗೆ ಅಲ್ಲಿಂದ ಬಂತು.

ಸಾಮಗ್ರಿ ಬೇಕಾದಾಗ ಮೊಗ್ಲಿಂಗ್ 1855ರಲ್ಲಿ, ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಬರೆದ ಪುಸ್ತಕಗಳನ್ನು ತೆಗೆಯುತ್ತೇನೆ. ಇಬ್ಬರೂ ಪಾದ್ರಿಗಳು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ದೊಡ್ಡವೀರರಾಜೇಂದ್ರ ಬರೆಸಿದ 'ರಾಜೇಂದ್ರನಾಮೆ' ರಾಜನ ಕಣ್ಣಿನ ಚರಿತ್ರೆ. ಇವುಗಳಲ್ಲಿ ಗದ್ದೆ ಕೆಲಸದವರ ಮಾತು ಕಡಿಮೆ. ಕಲ್ಪನೆಯನ್ನು ನಾನು ಬಳಸುವುದು ಅಲ್ಲೇ. ನಿಜವಾಗಿ ಬದುಕಿದ್ದವರ ಮೇಲೆ, ಅವರ ಒಕ್ಕದ, ಅಂದರೆ ಮನೆತನದ, ಹೆಸರಿನ ಮೇಲೆ ಕೊಲೆ ಹೊರಿಸುವುದಿಲ್ಲ. ಕೊಡಗು ಚಿಕ್ಕದು, ಮೊಮ್ಮಕ್ಕಳು ಇಲ್ಲೇ ಇದ್ದಾರೆ.

ಈಗ ಬರೆಯುತ್ತಿರುವ ಕಥೆ 1832ರದು. ಚಿಕ್ಕವೀರರಾಜನ ತಂಗಿ ದೇವಮ್ಮಾಜಿ ಗಂಡನ ಜೊತೆ ತಪ್ಪಿಸಿಕೊಂಡು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಆಶ್ರಯಕ್ಕೆ ಹೋದ ವರ್ಷ. ಆಗ ನ್ಯಾಯ ಹೇಳುವವನೂ ರಾಜನೇ. ಅನುಮಾನ ಅರಮನೆ ಕಡೆಗೇ ತಿರುಗಿದರೆ ಪತ್ತೆ ಮಾಡಿದವನು ಅದನ್ನು ಯಾರಿಗೆ ಹೇಳಬೇಕು? ಶಾನುಭೋಗನ ಕೈಲಿ ಇದು ಆಗುವುದಿಲ್ಲ. ಅದಕ್ಕೇ ಕಥೆಯನ್ನು ಅರಮನೆಯ ಅಡುಗೆಮನೆಯ ಒಬ್ಬ ಹೆಂಗಸಿನ ಬಾಯಲ್ಲಿ ಹೇಳಿಸುತ್ತಿದ್ದೇನೆ.