ವೇಗದ ಫೋನೋ, ವೇಗದ ಟ್ಯಾಬೋ? ಹಣ ಹಾಕುವ ಮೊದಲು ಹೀಗೆ ನೋಡಿ

ಮನೆಯಲ್ಲಿ ನಾಲ್ಕೈದು ವರ್ಷ ಹಳೆಯದಾದ ಒಂದು ಫೋನ್ ಇದೆ, ಹೆಚ್ಚುಕಡಿಮೆ ಅಷ್ಟೇ ಹಳೆಯದಾದ ಒಂದು ಟ್ಯಾಬ್ ಇದೆ. ಎರಡೂ ನಿಧಾನವಾಗಿವೆ, ಕೈಯಲ್ಲಿರುವ ಹಣಕ್ಕೆ ಒಂದನ್ನು ಮಾತ್ರ ಒಳ್ಳೆಯದಾಗಿ ಕೊಳ್ಳಬಹುದು. ಹಣವನ್ನು ಸಮನಾಗಿ ಹಂಚಿ ಎರಡನ್ನೂ ಸಾಧಾರಣ ಮಟ್ಟದಲ್ಲಿ ತಂದರೆ ಕೆಲವೇ ದಿನಗಳಲ್ಲಿ ಎರಡೂ ತಡವರಿಸತೊಡಗುವುದರಿಂದ, ಯಾವುದಕ್ಕೆ ಆದ್ಯತೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ವೇಗಕ್ಕೆ ಕೊಡುವ ಹಣ ಫೋನಿಗೆ ಹೋಗಬೇಕು, ಟ್ಯಾಬ್‌ಗೆ ಒಳ್ಳೆಯ ಪರದೆ ಮತ್ತು ಬಾಳಿಕೆಯ ಬ್ಯಾಟರಿ ಇದ್ದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಹೊರತಾದ ಮನೆಗಳೂ ಇವೆ. ನಿಮ್ಮ ಮನೆ ಯಾವ ಬಗೆಯದು ಎಂದು ತಿಳಿಯಲು ಮುಂದಿನ ಹೆಜ್ಜೆಗಳನ್ನು ಕ್ರಮವಾಗಿ ಅನುಸರಿಸಿ.

ಮೊದಲ ಹೆಜ್ಜೆ: ನಿಧಾನ ಎಲ್ಲಿಯದು?

ಸಾಧನವನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಈಗ ಕ್ಯಾಮೆರಾ ತೆರೆಯಿರಿ, ಗ್ಯಾಲರಿಯಲ್ಲಿ ಹಳೆಯ ಫೋಟೊಗಳವರೆಗೆ ಸರಿಸಿ, ಸಂಪರ್ಕ ಪಟ್ಟಿಯಲ್ಲಿ ಒಂದು ಹೆಸರು ಹುಡುಕಿ, ಕನ್ನಡ ಕೀಲಿಮಣೆಯಲ್ಲಿ ನಾಲ್ಕು ಸಾಲು ಟೈಪ್ ಮಾಡಿ. ಅಕ್ಷರಗಳು ಬೆರಳಿನ ಹಿಂದೆಯೇ ಮೂಡುತ್ತಿದ್ದರೆ, ಫೋಟೊಗಳು ತಡೆಯಿಲ್ಲದೆ ಸರಿಯುತ್ತಿದ್ದರೆ ಸಾಧನ ಸರಿಯಾಗಿಯೇ ಇದೆ, ನಿಧಾನವಾಗಿರುವುದು ನೆಟ್‌ವರ್ಕ್ ಎಂದು ತಿಳಿಯಬೇಕು. ಹಾಗಿದ್ದಾಗ ಎಷ್ಟು ದುಬಾರಿಯ ಫೋನ್ ತಂದರೂ ವಿಡಿಯೊ ತಿರುಗುತ್ತಲೇ ಇರುತ್ತದೆ. ಮನೆಯ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಓಡುತ್ತಿದೆಯೇ, ಹೆಚ್ಚು ವೇಗದ 5 ಗಿಗಾಹರ್ಟ್ಸ್ ಕೊಡುವ ರೂಟರ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಯುಪಿಐ ವಿಷಯದಲ್ಲೂ ಇದೇ ಎಚ್ಚರ ಇರಲಿ. ಪಿನ್ ಒತ್ತುವ ಪರದೆ ಬರುವುದೇ ತಡವಾದರೆ ದೋಷ ಬಹುಮಟ್ಟಿಗೆ ಫೋನಿನದೋ ಸಿಗ್ನಲ್‌ನದೋ ಆಗಿರುತ್ತದೆ. ಪಿನ್ ಒತ್ತಿದ ಮೇಲೆ ಕಾಯಬೇಕಾಗಿ ಬಂದರೆ ಬಹುಮಟ್ಟಿಗೆ ಅದು ಬ್ಯಾಂಕಿನ ಸರ್ವರ್‌ನ ವಿಳಂಬ.

ಎರಡನೆಯ ಹೆಜ್ಜೆ: ಇರುವುದನ್ನೇ ಚುರುಕು ಮಾಡಿ

ಸ್ಟೋರೇಜ್ ಪೂರ್ತಿ ತುಂಬಿದ ಸಾಧನ ನಿಧಾನವಾಗಿಯೇ ಓಡುತ್ತದೆ. ಒಳಗಿನ ಫ್ಲ್ಯಾಶ್ ಮೆಮೊರಿಗೆ ಹೊಸದನ್ನು ಬರೆಯಲು ಖಾಲಿ ಜಾಗ ಬೇಕು, ಆ ಜಾಗವಿಲ್ಲದಾಗ ಪ್ರತಿ ಬಾರಿಯೂ ಹಳೆಯದನ್ನು ಸರಿಸಿ, ಅಳಿಸಿ, ಆಮೇಲೆ ಬರೆಯಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ವಿಭಾಗಕ್ಕೆ ಹೋದರೆ 5 ಎಂಬಿಗಿಂತ ದೊಡ್ಡ ಕಡತಗಳ ಪಟ್ಟಿಯೂ, ಹಲವು ಬಾರಿ ಫಾರ್ವರ್ಡ್ ಆದವುಗಳ ಪಟ್ಟಿಯೂ ಬೇರೆಬೇರೆಯಾಗಿ ಸಿಗುತ್ತವೆ. ಶುಭೋದಯದ ವಿಡಿಯೊಗಳನ್ನು ಅಲ್ಲಿಂದಲೇ ಅಳಿಸಬಹುದು. ಒಟ್ಟು ಜಾಗದಲ್ಲಿ ಐದನೇ ಒಂದು ಭಾಗವಾದರೂ ಖಾಲಿ ಇರಲಿ.

ಬ್ಯಾಟರಿಯನ್ನೂ ಪರೀಕ್ಷಿಸಿ. ಹಳೆಯ ಬ್ಯಾಟರಿ ಇರುವ ಕೆಲವು ಐಫೋನ್‌ಗಳು ಹಠಾತ್ತನೆ ಆಫ್ ಆಗದಂತೆ ಅವುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸುತ್ತಿರುವುದಾಗಿ ಆ್ಯಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಐಫೋನ್‌ನಲ್ಲಿ ಬ್ಯಾಟರಿಯ ಗರಿಷ್ಠ ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿಳಿದಿದ್ದರೆ, ಹೊಸ ಫೋನ್‌ಗಿಂತ ಹೊಸ ಬ್ಯಾಟರಿಯೇ ಅಗ್ಗದ ಪರಿಹಾರ.

ಮೂರನೆಯ ಹೆಜ್ಜೆ: ನಿಂತು ಮಾಡುವ ಕೆಲಸ, ಕೂತು ಮಾಡುವ ಕೆಲಸ

ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ಒಂದು ವಾರ ಈ ಎರಡು ಸಾಧನಗಳಿಂದ ಮನೆಯವರು ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿಯೊಂದರ ಮುಂದೆಯೂ ಅದನ್ನು ನಿಂತು ಮಾಡಿದ್ದೋ ಕೂತು ಮಾಡಿದ್ದೋ ಎಂದು ಗುರುತು ಹಾಕಿ.

ದಿನಸಿ ಅಂಗಡಿಯಲ್ಲಿ ಹಣ ಕಳಿಸುವುದು, ಮೆಟ್ರೊ ಗೇಟಿನ ಮುಂದೆ ಕ್ಯೂಆರ್ ಟಿಕೆಟ್ ತೋರಿಸುವುದು, ಮಳೆಯಲ್ಲಿ ಆಟೊ ಕರೆಯುವುದು, ಒಟಿಪಿ ಅವಧಿ ಮುಗಿಯುವುದರೊಳಗೆ ಅದನ್ನು ತುಂಬುವುದು ಇವೆಲ್ಲ ನಿಂತು ಮಾಡುವ ಕೆಲಸಗಳು. ಹಿಂದೆ ಸಾಲು ಇರುತ್ತದೆ, ಕಾಯುವ ಅವಕಾಶವಿರುವುದಿಲ್ಲ. ಹಳ್ಳಿಯಲ್ಲಿ ಇದು ಇನ್ನೂ ಸ್ಪಷ್ಟ. ರೈತರು ತಾವೇ ಬೆಳೆ ಸಮೀಕ್ಷೆ ದಾಖಲಿಸುವಾಗ ಹೊಲದಲ್ಲಿ ನಿಂತು, ಆ್ಯಪ್‌ನಲ್ಲಿ ಸರ್ವೆ ನಂಬರ್ ಆರಿಸಿ, ಬೆಳೆಯ ಫೋಟೊ ತೆಗೆಯಬೇಕು. ಆಗ ಜಿಪಿಎಸ್, ನಕ್ಷೆ, ಕ್ಯಾಮೆರಾ ಮೂರೂ ಒಟ್ಟಿಗೆ ಓಡುತ್ತವೆ. ರ‍್ಯಾಮ್ (ತೆರೆದಿರುವ ಆ್ಯಪ್‌ಗಳು ಓಡುವ ತಾತ್ಕಾಲಿಕ ಮೆಮೊರಿ) ಕಡಿಮೆಯಿರುವ ಫೋನ್, ಕ್ಯಾಮೆರಾ ತೆರೆದ ಕೂಡಲೇ ಜಾಗಕ್ಕಾಗಿ ಹಿಂದಿದ್ದ ಆ್ಯಪ್ ಅನ್ನೇ ಮುಚ್ಚಿಬಿಡಬಹುದು. ಫೋಟೊ ತೆಗೆದು ಹಿಂತಿರುಗಿದರೆ ತುಂಬಿದ್ದ ವಿವರವೆಲ್ಲ ಹೋಗಿ ಮೊದಲ ಪರದೆ ಎದುರಾಗುತ್ತದೆ. ಬಿಸಿಲಲ್ಲಿ ನಿಂತವರಿಗೆ ಇದು ಸಣ್ಣ ತೊಂದರೆಯಲ್ಲ.

ಈ ಕೆಲಸಗಳಲ್ಲಿ ಹಲವನ್ನು ಟ್ಯಾಬ್‌ಗೆ ವರ್ಗಾಯಿಸುವುದು ಸಾಧ್ಯವೂ ಇಲ್ಲ. 2016ರಲ್ಲಿ ಬಂದ ಯುಪಿಐ ವ್ಯವಸ್ಥೆ, ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್‌ನಿಂದ ಎಸ್‌ಎಂಎಸ್ ಹೋದ ಮೇಲೆಯೇ ಸಾಧನವನ್ನು ಒಪ್ಪಿಕೊಳ್ಳುತ್ತದೆ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲವಾದ್ದರಿಂದ, ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಲು ಅವು ತಕ್ಕವಲ್ಲ. ಅಲ್ಲದೆ, ಸಿಮ್ ಇಲ್ಲದ ಟ್ಯಾಬ್ ಮನೆಯ ಹೊರಗೆ ಫೋನಿನ ಹಾಟ್‌ಸ್ಪಾಟ್‌ ಅನ್ನೇ ನೆಚ್ಚಿಕೊಂಡಿರುತ್ತದೆ. ಫೋನ್ ಹಳೆಯ 4ಜಿ ಆಗಿದ್ದರೆ ಹೊಸ ಟ್ಯಾಬ್‌ಗೆ ಸಿಗುವ ಇಂಟರ್ನೆಟ್ ವೇಗವೂ ಅಷ್ಟೇ.

ಕೂತು ಮಾಡುವ ಕೆಲಸಗಳ ಸ್ವಭಾವ ಬೇರೆ. ಪಠ್ಯಪುಸ್ತಕದ ಪಿಡಿಎಫ್ ಓದುವುದು, ಪಾಠದ ವಿಡಿಯೊ ನೋಡುವುದು, ದೂರದ ಮಕ್ಕಳೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುವುದು ಮುಂತಾದವುಗಳಲ್ಲಿ ಪುಟ ತೆರೆಯಲು ಎರಡು ಸೆಕೆಂಡು ಹೆಚ್ಚಾದರೆ ನಷ್ಟವೇನೂ ಇಲ್ಲ. ಇಲ್ಲಿ ಬೇಕಾದದ್ದು ಕಣ್ಣಿಗೆ ಹಿತವಾದ ದೊಡ್ಡ ಪರದೆ. ತಯಾರಕರೂ ಇದನ್ನು ಅರಿತಿದ್ದಾರೆ. 2021ರ ಸಾಮಾನ್ಯ ಐಪ್ಯಾಡ್‌ಗೆ ಹಾಕಿದ್ದು 2019ರ ಐಫೋನ್ 11ರಲ್ಲಿದ್ದ ಎ13 ಚಿಪ್; 2022ರ ಐಪ್ಯಾಡ್‌ಗೆ 2020ರ ಐಫೋನ್ 12ರ ಎ14. ಎರಡು ವರ್ಷ ಹಿಂದಿನ ಚಿಪ್ ಇದ್ದರೂ ಓದು, ವಿಡಿಯೊಗಳಿಗೆ ಅವು ಧಾರಾಳವಾಗಿ ಸಾಕಾದವು.

ನಾಲ್ಕನೆಯ ಹೆಜ್ಜೆ: ನೀವು ಹೊರತಾದವರೇ?

ಹಾಳೆಯಲ್ಲಿ ಕೂತು ಮಾಡುವ ಕೆಲಸಗಳೇ ಹೆಚ್ಚಿದ್ದು, ಅವು ಬರಿಯ ನೋಡುವ ಕೆಲಸಗಳಾಗಿರದೆ ಏನನ್ನಾದರೂ ತಯಾರಿಸುವ ಕೆಲಸಗಳಾಗಿದ್ದರೆ, ಆದ್ಯತೆ ಟ್ಯಾಬ್‌ಗೆ ಸಲ್ಲಬೇಕು. ಸ್ಟೈಲಸ್‌ನಲ್ಲಿ ಚಿತ್ರ ಬರೆಯುವವರಿಗೆ ಗೆರೆ ಕೈಯ ಹಿಂದೆ ಬಿದ್ದರೆ ಕೆಲಸವೇ ಕೆಡುತ್ತದೆ. ಸಿಇಟಿ, ನೀಟ್‌ಗೆ ಓದುತ್ತಿರುವ ಮಗಳು ಪರದೆಯ ಒಂದು ಪಕ್ಕದಲ್ಲಿ ತರಗತಿಯ ವಿಡಿಯೊ ಇಟ್ಟು ಇನ್ನೊಂದು ಪಕ್ಕದಲ್ಲಿ ಲೆಕ್ಕ ಬಿಡಿಸುತ್ತಾಳೆ, ನಡುವೆ ನೂರಾರು ಪುಟದ ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆಯುತ್ತಾಳೆ. ಅಂಥ ಪಿಡಿಎಫ್‌ನಲ್ಲಿ ಪ್ರತಿ ಪುಟವೂ ಒಂದು ಚಿತ್ರವೇ ಆಗಿರುವುದರಿಂದ, 3 ಜಿಬಿ ರ‍್ಯಾಮ್‌ನ ಟ್ಯಾಬ್‌ನಲ್ಲಿ ಪುಟ ಮೊದಲು ಮಸುಕಾಗಿ ಬಂದು, ತಡವಾಗಿ ಸ್ಪಷ್ಟವಾಗುತ್ತದೆ. ಅಷ್ಟರಲ್ಲಿ ಪಕ್ಕದ ವಿಡಿಯೊ ನಿಂತಿರುತ್ತದೆ. ದಿನಕ್ಕೆ ಹಲವು ಗಂಟೆ ಹೀಗೆ ಓದುವ ಮಕ್ಕಳಿರುವ ಮನೆಯಲ್ಲಿ 8 ಜಿಬಿ ರ‍್ಯಾಮ್‌ನ ಟ್ಯಾಬ್‌ಗೆ ಹಣ ಹಾಕುವುದೇ ಸರಿ, ಅಪ್ಪ ಅಮ್ಮನ ಫೋನ್ ಇನ್ನೊಂದು ವರ್ಷ ಕಾಯಲಿ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ ಕೇಳಬೇಕಾದದ್ದು

ಜಾಹೀರಾತಿನಲ್ಲಿ ಪ್ರೊಸೆಸರ್‌ನ ಹೆಸರು ದೊಡ್ಡದಾಗಿರುತ್ತದೆ, ಸ್ಟೋರೇಜ್ ಯಾವ ಬಗೆಯದು ಎಂಬುದು ಎಲ್ಲೋ ಮೂಲೆಯಲ್ಲಿರುತ್ತದೆ. ಕೇಳಬೇಕಾದದ್ದು ಆ ಎರಡನೆಯದನ್ನು. ಅಗ್ಗದ ಫೋನ್, ಟ್ಯಾಬ್‌ಗಳಲ್ಲಿ ಬರುವ ಇಎಂಎಂಸಿ ಎಂಬ ಬಗೆಯ ಸ್ಟೋರೇಜ್ ಒಂದು ಸಲಕ್ಕೆ ಓದುವುದನ್ನೋ ಬರೆಯುವುದನ್ನೋ ಮಾತ್ರ ಮಾಡಬಲ್ಲದು. ಯುಎಫ್‌ಎಸ್ ಎಂಬ ಬಗೆ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುವಾಗಲೇ ಫೋನ್ ಬಳಸಬೇಕಾಗಿ ಬಂದರೆ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ‘4 ಜಿಬಿ ಜೊತೆಗೆ 4 ಜಿಬಿ’ ಎಂದು ಬರೆದಿದ್ದರೆ ಅದನ್ನು ಎಂಟು ಎಂದು ಎಣಿಸಬೇಡಿ. ಎರಡನೆಯ ನಾಲ್ಕು ಸ್ಟೋರೇಜ್‌ನಿಂದ ಎರವಲು ಪಡೆದದ್ದು, ಅದು ನಿಜವಾದ ರ‍್ಯಾಮ್‌ನಷ್ಟು ಚುರುಕಾಗಿರದು.

ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂಬುದು ಫೋನಿನ ಮಟ್ಟಿಗೆ ಬಹಳ ಮುಖ್ಯ, ಏಕೆಂದರೆ ಬ್ಯಾಂಕ್ ಇರುವುದು ಅದರಲ್ಲಿ. 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷದ ಭರವಸೆ ಕೊಟ್ಟಿವೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ, ಕೇಳಿಯೇ ಕೊಳ್ಳಿ. ಸಿನಿಮಾಕ್ಕೆಂದು ಟ್ಯಾಬ್ ಕೊಳ್ಳುವವರು ವೈಡ್‌ವೈನ್ ಎಲ್1 (ವಿಡಿಯೊ ನಕಲಾಗದಂತೆ ತಡೆಯುವ ವ್ಯವಸ್ಥೆಯ ಮೇಲಿನ ಮಟ್ಟ) ಇದೆಯೇ ಎಂದು ನೋಡಬೇಕು. ಅದಿಲ್ಲದ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ನೆಟ್‌ಫ್ಲಿಕ್ಸ್ ಎಚ್‌ಡಿ ಗುಣಮಟ್ಟದಲ್ಲಿ ಬರುವುದಿಲ್ಲ.

ಕೊನೆಯ ಹೆಜ್ಜೆ: ಹಳೆಯದನ್ನು ಬಿಡಿಸುವ ಕ್ರಮ

ಹೊಸ ಫೋನ್ ಬಂದ ಮೇಲೆ ಸಿಮ್ ಅನ್ನು ಅದಕ್ಕೆ ಹಾಕಿ, ಯುಪಿಐ ನೋಂದಣಿ ಮುಗಿಸಿ, ವಾಟ್ಸ್‌ಆ್ಯಪ್ ಬ್ಯಾಕಪ್ ಹೊಸದರಲ್ಲಿ ತೆರೆದಿದೆ ಎಂದು ಖಚಿತಪಡಿಸಿಕೊಳ್ಳಿ. ಆನಂತರವೇ ಹಳೆಯದರಿಂದ ಗೂಗಲ್ ಖಾತೆ ತೆಗೆದು, ಸೆಟ್ಟಿಂಗ್ಸ್‌ ಮೂಲಕ ಫ್ಯಾಕ್ಟರಿ ರಿಸೆಟ್ ಮಾಡಿ. ಹೀಗೆ ಬರಿದಾದ ಹಳೆಯ ಫೋನನ್ನು ಮನೆಯ ವೈಫೈಗೆ ಜೋಡಿಸಿ ಹಾಡು ಕೇಳಲು, ಪಾಠ ನೋಡಲು ಮಕ್ಕಳ ಕೈಗೆ ಕೊಡಬಹುದು. ಅಪ್‌ಡೇಟ್ ನಿಂತುಹೋದ ಸಾಧನವಾದರೆ ಅದರಲ್ಲಿ ಬ್ಯಾಂಕಿನ ಆ್ಯಪ್ ಆಗಲಿ, ಯುಪಿಐ ಆಗಲಿ ಮತ್ತೆ ಹಾಕಬೇಡಿ.